ಉಡುತಡಿಯ ಅಕ್ಕ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಶಾಲೆಗಳಿಂದ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಅಧ್ಯಾಪಕರಿಗೆ ಅಬಲೂರು, ಬಳ್ಳಿಗಾವೆ, ಉಡುತಡಿಗಳ ದಾರಿ ಚಿರಪರಿಚಿತ. ಅಂತಹ ಒಂದು ಪ್ರವಾಸದಲ್ಲಿ ಏಳನೆಯ ತರಗತಿಯ ಬಾಲಿಕೆಯೊಬ್ಬಳು ಈ ಲೇಖಕನನ್ನು ಒಂದು ಪ್ರಶ್ನೆ ಕೇಳಿದಳು. ಅಕ್ಕ ವಸ್ತ್ರವನ್ನು ತೊರೆದಳೆಂದು ಪಾಠದಲ್ಲಿ ಕೇಳಿದ್ದಳು. ಶಾಲೆಯ ಪಟದಲ್ಲಾದರೋ ಅಕ್ಕ ಬಿಳಿಯ ಸೀರೆಯುಟ್ಟು ಕುಳಿತಿದ್ದಾಳೆ. ಆ ಸೀರೆಯನ್ನು ಉಡಿಸಿದವರು ಯಾರೆಂಬುದು ಅವಳ ಸಂದೇಹ. ಇಪ್ಪತ್ತೈದು ವರ್ಷ ವಚನಗಳನ್ನು ಪಾಠ ಹೇಳಿದ ನನಗೆ ಆಗ ಉತ್ತರ ಹೊಳೆಯಲಿಲ್ಲ. ಅಕ್ಕನ ಚರಿತ್ರೆಯನ್ನು ಮತ್ತೊಮ್ಮೆ ಓದಲು ಅದೇ ನಿಮಿತ್ತವಾಯಿತು.

12ನೆಯ ಶತಮಾನದ ಈ ಮಹಾತಾಯಿಯ ಚರಿತ್ರೆಗೆ ನಮಗಿರುವ ಮುಖ್ಯ ಆಧಾರಗಳು ಹರಿಹರನ ರಗಳೆ, ಚಾಮರಸನ ಪ್ರಭುಲಿಂಗಲೀಲೆ, ಶೂನ್ಯಸಂಪಾದನೆಗಳು. ಇವಲ್ಲದೆ ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತದ, ನಾನೂರನ್ನು ಮೀರಿದ ಅವಳ ವಚನಗಳೇ ಇವೆ. ಶಿವಭಕ್ತ ದಂಪತಿಗಳ ಮಗಳಾಗಿ ಉಡುತಡಿಯಲ್ಲಿ ಹುಟ್ಟಿ, ಬಾಲ್ಯದಿಂದಲೇ ಚೆನ್ನಮಲ್ಲಿಕಾರ್ಜುನನನ್ನು ಪತಿಯೆಂದು ವರಿಸಿದವಳು ಮಹಾದೇವಿ. ಅರಸ ಕೌಶಿಕನು ಅವಳನ್ನು ಕಂಡು ಮೋಹಗೊಂಡನು. ಅವನ ಕಣ್ಣಿಗೆ ಬಿದ್ದುದು ರೂಪ ಮಾತ್ರ; ಅದರೊಳಗಿನ ಭಕ್ತೆ ಅವನಿಗೆ ಕಾಣಲಿಲ್ಲ. ಹರಿಹರನಲ್ಲಿ ನಿಬಂಧನೆಗಳೊಡನೆ ವಿವಾಹ ನಡೆಯುತ್ತದೆ, ಅರಸನು ಮೂರು ಸಲ ಮಾತು ಮುರಿಯುತ್ತಾನೆ. ಚಾಮರಸನಲ್ಲಿ ವಿವಾಹವೇ ಇಲ್ಲ. ವಿದ್ವಾಂಸರು ಇದನ್ನು ಕುರಿತು ಬಹಳ ವಾದಿಸಿದ್ದಾರೆ. ನನಗಂತೂ ಅದು ದೊಡ್ಡ ಸಂಗತಿಯಾಗಿ ತೋರುವುದಿಲ್ಲ. ಎರಡು ಕಥೆಗಳಲ್ಲಿಯೂ ಅಕ್ಕ ಅರಮನೆಯನ್ನು ಬಿಟ್ಟು ಹೊರಟಳು. ಅರಮನೆಯೊಡನೆ ಆಭರಣವನ್ನೂ, ಆಭರಣದೊಡನೆ ಉಟ್ಟ ಬಟ್ಟೆಯನ್ನೂ ಬಿಟ್ಟಳು. ನೀಳವಾದ ಕೇಶರಾಶಿಯೇ ಮೈಗೆ ಮರೆಯಾಯಿತು.

ದಿಗಂಬರತ್ವ ಕನ್ನಡ ನಾಡಿಗೆ ಹೊಸತಲ್ಲ. ಜೈನ ಮುನಿಗಳು ದಿಕ್ಕುಗಳನ್ನೇ ಉಟ್ಟು ಸಂಚರಿಸಿದಾಗ ಜನ ಕೈಮುಗಿದರು. ಆದರೆ ಅದೇ ದಿಗಂಬರ ಸಂಪ್ರದಾಯದಲ್ಲಿ ಸ್ತ್ರೀಗೆ ವಸ್ತ್ರತ್ಯಾಗಕ್ಕೆ ಅನುಮತಿಯಿಲ್ಲ. ವಸ್ತ್ರ ಬಿಡಲಾಗದವಳಿಗೆ ಆ ಜನ್ಮದಲ್ಲಿ ಮೋಕ್ಷವೂ ಇಲ್ಲವೆಂಬುದು ಅವರ ಸಿದ್ಧಾಂತ. ಇದನ್ನೊಪ್ಪದ ಯಾಪನೀಯರೂ ನಮ್ಮ ನಾಡಿನಲ್ಲಿದ್ದರು. 9ನೆಯ ಶತಮಾನದಲ್ಲಿ, ಅಮೋಘವರ್ಷನ ಕಾಲದ ವೈಯಾಕರಣ ಶಾಕಟಾಯನನು ಸ್ತ್ರೀಮುಕ್ತಿಯನ್ನು ಸಮರ್ಥಿಸಿ ಸಂಸ್ಕೃತದಲ್ಲಿ ಒಂದು ಪ್ರಕರಣವನ್ನೇ ರಚಿಸಿದನು. ವ್ಯಾಕರಣ ಓದಿದ ನಮ್ಮಂಥವರು ಅವನ ಸೂತ್ರಗಳನ್ನು ಬಾಯಿಪಾಠ ಮಾಡಿದೆವೇ ಹೊರತು ಈ ಪ್ರಕರಣದ ಕಡೆ ತಿರುಗಿ ನೋಡಲಿಲ್ಲ! ಗ್ರಂಥದಲ್ಲಿದ್ದ ಈ ವಿವಾದವನ್ನು ಅಕ್ಕ ಬೀದಿಯಲ್ಲಿ ನಡೆದೇ ಎದುರಿಸಬೇಕಾಯಿತು. ಗಂಡಸಿನಲ್ಲಿ ತಪಸ್ಸೆಂದು ಕಂಡುದು ಹೆಂಗಸಿನಲ್ಲಿ ಲಜ್ಜಾಹೀನತೆಯೆಂದು ಕಂಡಿತು. ದಾರಿಯಲ್ಲಿ ಬೆನ್ನುಹತ್ತಿ ಕಾಡಿದವರನ್ನು ಅಣ್ಣಾ ಎಂದು ಕರೆದೇ ಅವಳು ಹಿಂದಿರುಗಿಸಿದ್ದುಂಟು.

ಕಲ್ಯಾಣದ ಅನುಭವಮಂಟಪದಲ್ಲಿಯೂ ಪರೀಕ್ಷೆ ತಪ್ಪಲಿಲ್ಲ. ಶೂನ್ಯಸಂಪಾದನೆಯ ಆ ಭಾಗ ಎಷ್ಟು ಸಲ ಓದಿದರೂ ಮೈ ನವಿರೇಳಿಸುತ್ತದೆ. ಅಲ್ಲಮಪ್ರಭುವು ಮೊದಲು ಅವಳ ಪತಿಯ ಕುರುಹನ್ನು ಕೇಳಿದನು. ಅನಂತರ, ಸೀರೆಯನ್ನು ಕಳಚಿದವಳು ಕೂದಲಿನಿಂದ ಮೈ ಮರೆಮಾಡಿಕೊಂಡುದೇಕೆ, ಒಳಗಿನ ಲಜ್ಜೆ ಹೊರಗೆ ತೋರಿತಲ್ಲವೆ ಎಂದು ಕೆಣಕಿದನು. ಪ್ರಶ್ನೆ ಕಠಿಣವಾದುದು, ನ್ಯಾಯವಾದುದೂ ಹೌದು. ಹಣ್ಣು ಒಳಗೆ ಮಾಗದೆ ಹೊರಗಿನ ಸಿಪ್ಪೆ ಬಣ್ಣಗೆಡದೆಂದು ಅಕ್ಕ ಮೊದಲು ನುಡಿದಳು. ಮುಂದೆ, ಕಾಮನ ಗುರುತನ್ನು ಕಂಡು ನೋಡುವವರಿಗೆ ನೋವಾದೀತೆಂದು ಮುಚ್ಚಿದೆನೆಂಬ ಅರ್ಥದ ಉತ್ತರವಿತ್ತಳು. ಈ ಉತ್ತರವನ್ನು ನಾನು ಬಹುಕಾಲ ಅಕ್ಕನ ವಿನಯವೆಂದೇ ವಿವರಿಸುತ್ತಿದ್ದೆ. ಅದು ಸಾಲದು. ಮರೆ ಬೇಕಾದುದು ಅವಳ ಮೈಗಲ್ಲ, ನೋಡುವವರ ಕಣ್ಣಿಗೆ. ಹೆಣ್ಣೆಂಬ ಭೇದವನ್ನು ಕಣ್ಣು ತನ್ನೊಳಗೇ ಹೊತ್ತಿದೆಯೆಂದು ಆ ಸಭೆಗೇ ತಿಳಿಸಿದಂತಾಯಿತು. ಪ್ರಭುದೇವನು ತಲೆಬಾಗಿದನು.

ತಾನು ಹೆಸರಿನಲ್ಲಿ ಮಾತ್ರ ಹೆಣ್ಣು, ಭಾವದಲ್ಲಿ ಗಂಡೆಂದು ಅಕ್ಕ ಬೇರೊಂದೆಡೆ ಹೇಳಿಕೊಂಡಿದ್ದಾಳೆ. ಅವಳಿಗಿಂತ ಹಿಂದಿನವನಾದ ಜೇಡರ ದಾಸಿಮಯ್ಯನು ಮೊಲೆ ಜಡೆಗಳಿಂದ ಹೆಣ್ಣೆಂದೂ ಗಡ್ಡ ಮೀಸೆಗಳಿಂದ ಗಂಡೆಂದೂ ಜನ ಕರೆದರೂ ಒಳಗಿನ ಆತ್ಮಕ್ಕೆ ಎರಡೂ ಇಲ್ಲವೆಂದನು. ದಾಸಿಮಯ್ಯನು ಮುದನೂರಿನ ನೇಕಾರನೆಂಬುದನ್ನು ವಾಚಕರು ಗಮನಿಸಬೇಕು. ಬಟ್ಟೆ ನೇಯ್ದ ಕೈಯೇ ಬಟ್ಟೆಯೊಳಗಿನ ಭೇದವನ್ನು ಅಲ್ಲಗಳೆಯಿತು.

ದೂರ ಹೋಗಬೇಕಾಗಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆರಿಸುವ ತಾಯಂದಿರು ಘಾಟಿಗೆ ತಲೆ ಮುಖಗಳಿಗೆ ಬಟ್ಟೆ ಸುತ್ತಿ, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು ಕುಳಿತಾಗ ದೂರದಿಂದ ಹೆಣ್ಣು ಗಂಡು ತಿಳಿಯದು. ನಮ್ಮ ಸೀಮೆಯ ದೊಡ್ಡಾಟಗಳಲ್ಲಿ ಮೀಸೆ ಬೋಳಿಸಿ ಸೀರೆಯುಟ್ಟ ರೈತನನ್ನು ಕಂಡು ಊರಿಗೆ ಊರೇ ದ್ರೌಪದಿಯೆಂದು ಕಣ್ಣೀರಿಟ್ಟದ್ದುಂಟು.

ಕಲ್ಯಾಣದಿಂದ ಅಕ್ಕ ಶ್ರೀಶೈಲಕ್ಕೆ ನಡೆದು ಕದಳಿಯಲ್ಲಿ ಐಕ್ಯಳಾದಳು. ಅನಂತರ ಬಂದ ಚಿತ್ರಕಾರರು, ಪಂಚಾಂಗ ಕ್ಯಾಲೆಂಡರು ಮುದ್ರಿಸುವವರು ಅವಳಿಗೆ ಬಿಳಿಯ ಸೀರೆ ಉಡಿಸಿದರು. ಅದನ್ನು ತಪ್ಪೆನ್ನಲಾರೆ, ನನ್ನ ಮನೆಯ ಪಟದಲ್ಲಿಯೂ ಸೀರೆಯಿದೆ. ಆ ಬಾಲಿಕೆಗೆ ನಾನು ತಡವಾಗಿ ಕೊಟ್ಟ ಉತ್ತರ ಇಷ್ಟೆ: ಉಡಿಸಿದವರು ನಾವು, ಉಡಿಸಿದುದು ನಮ್ಮ ಕಣ್ಣಿಗಾಗಿ.

ಮರುವರ್ಷ ದವನದ ಹುಣ್ಣಿಮೆಯ ಅಕ್ಕನ ಜಯಂತಿಗೆ ಮಕ್ಕಳು ಅನುಭವಮಂಟಪದ ನಾಟಕವಾಡಿದರು. ಅಲ್ಲಮನ ಪಾತ್ರ ಬೇಕೆಂದು ಮುಂದೆ ಬಂದವಳು ಅವಳೇ. ಕಾವಿಯುಟ್ಟು, ರುದ್ರಾಕ್ಷಿ ಧರಿಸಿ, ವಿಭೂತಿ ಹಚ್ಚಿಕೊಂಡು ನಿಂತಾಗ ಬಣ್ಣದವನು ಗಡ್ಡ ಮೀಸೆ ಅಂಟಿಸಬೇಕೆ ಎಂದು ನನ್ನನ್ನು ಕೇಳಿದನು. ಬೇಡವೆಂದೆನು.