ವೇಗದ ಬೆನ್ನು ಹತ್ತಿದ ಸೀಮೋರ್ ಕ್ರೇ

ಮಕ್ಕಳೇ, ಸೊರಬ ತಾಲ್ಲೂಕಿನ ಕುಬಟೂರನ್ನು ನೋಡಿದ್ದೀರಾ? ಆನವಟ್ಟಿಯ ಸಮೀಪದ ಈ ಊರು ಪುರಾತನ ಕೈಟಭೇಶ್ವರ ದೇವಸ್ಥಾನಕ್ಕೆ ಹೆಸರಾಗಿದೆ. ಸುತ್ತಲೂ ಭತ್ತದ ಗದ್ದೆ, ಮೆಕ್ಕೆಜೋಳದ ಹೊಲ. ಜೂನ್ ಬಂತೆಂದರೆ ಎಲ್ಲರದೂ ಒಂದೇ ಪ್ರಶ್ನೆ: ಮಳೆ ಯಾವಾಗ? ಇದಕ್ಕೆ ಉತ್ತರ ಹುಡುಕಲು ಇಂದು ಸೂಪರ್ ಕಂಪ್ಯೂಟರ್‌ಗಳು ಹಗಲಿರುಳು ಲೆಕ್ಕ ಮಾಡುತ್ತವೆ. ಅಂತಹ ಯಂತ್ರಗಳ ಪಿತಾಮಹ ಎನಿಸಿಕೊಂಡ ಸೀಮೋರ್ ಕ್ರೇ ಅವರ ಕಥೆ ಇದು.

ಮೊದಲು ನಿಮ್ಮ ಶಾಲೆಯ ಕಂಪ್ಯೂಟರ್‌ನ ಹಿಂಬದಿಗೆ ಅಂಗೈ ಹಿಡಿಯಿರಿ. ಬೆಚ್ಚನೆಯ ಗಾಳಿ ತಾಗುತ್ತದೆ ಅಲ್ಲವೇ? ಈ ಬಿಸಿಯೊಡನೆ ಕ್ರೇ ಜೀವನವಿಡೀ ಸೆಣಸಿದರು.

ಕ್ರೇ ಹುಟ್ಟಿದ್ದು 1925ರ ಸೆಪ್ಟೆಂಬರ್ 28ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ. ತಂದೆ ಎಂಜಿನಿಯರ್. ಆಟಿಕೆಯ ಲೋಹದ ತುಂಡುಗಳನ್ನು ಜೋಡಿಸಿ, ರಂಧ್ರ ಕೊರೆದ ಕಾಗದದ ಪಟ್ಟಿಯನ್ನು ಮೋರ್ಸ್ ಸಂಕೇತವಾಗಿ ಬದಲಿಸುವ ಸಾಧನವನ್ನು ಮಾಡಿದಾಗ ಈ ಬಾಲಕನಿಗೆ ಸುಮಾರು ಹತ್ತು ವರ್ಷ. ಎರಡನೆಯ ಮಹಾಯುದ್ಧದಲ್ಲಿ ರೇಡಿಯೊ ವಿಭಾಗದಲ್ಲಿ ದುಡಿದರು. ಆಮೇಲೆ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಹಾಗೂ ಗಣಿತ ಓದಿ ಕಂಪ್ಯೂಟರ್ ತಯಾರಿಕೆಗೆ ಇಳಿದರು.

ಕಂಪ್ಯೂಟರ್‌ನ ಒಳಗೆ ಗಡಿಯಾರದಂತಹ ಒಂದು ಮಿಡಿತವಿರುತ್ತದೆ. ಡೊಳ್ಳಿನ ಪೆಟ್ಟಿಗೆ ಹೆಜ್ಜೆ ಹಾಕಿದಂತೆ ಎಲ್ಲ ಭಾಗಗಳೂ ಆ ಮಿಡಿತಕ್ಕೆ ಸರಿಯಾಗಿ ಕೆಲಸ ಮಾಡುತ್ತವೆ. ಮಿಡಿತ ಚುರುಕಾದಷ್ಟೂ ಲೆಕ್ಕ ಬೇಗ ಮುಗಿಯುತ್ತದೆ, ಬಿಸಿಯೂ ಹೆಚ್ಚುತ್ತದೆ. 1964ರಲ್ಲಿ ಹೊರಬಂದ ಕ್ರೇ ಅವರ ಸಿಡಿಸಿ 6600 ಯಂತ್ರ ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ವೇಗದ್ದು. ಅದರ ಮಿಡಿತ ಸೆಕೆಂಡಿಗೆ ಒಂದು ಕೋಟಿ. ಅದನ್ನು ತಂಪಾಗಿಡಲು ರೆಫ್ರಿಜರೇಟರ್‌ನಲ್ಲಿ ಬಳಸುತ್ತಿದ್ದ ಫ್ರಿಯಾನ್ ಬೇಕಾಯಿತು.

1972ರಲ್ಲಿ ಅವರು ಸ್ವಂತ ಕಂಪನಿ ಕ್ರೇ ರಿಸರ್ಚ್ ಆರಂಭಿಸಿದರು. ಆ ಕಂಪನಿಯ ಮೊದಲ ಯಂತ್ರ ಕ್ರೇ-1, 1976ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯ ಸೇರಿತು. ಅದರ ಮಿಡಿತ ಸೆಕೆಂಡಿಗೆ ಎಂಟು ಕೋಟಿ, ಎಂದರೆ 80 ಮೆಗಾಹರ್ಟ್ಸ್. ಒಂದು ಮಿಡಿತಕ್ಕೆ ಕೇವಲ 12.5 ನ್ಯಾನೊಸೆಕೆಂಡ್. ನಿಮ್ಮ 30 ಸೆಂ.ಮೀ. ಅಳತೆಪಟ್ಟಿಯನ್ನು ಕೈಗೆ ತೆಗೆದುಕೊಳ್ಳಿ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸಾಗುವುದು ಇಷ್ಟೇ ದೂರ! ತಂತಿಯಲ್ಲಿ ವಿದ್ಯುತ್ ಸಂಕೇತ ಇನ್ನೂ ನಿಧಾನ. ಹಾಗಾಗಿ ತಂತಿ ಉದ್ದವಾದರೆ ಮುಂದಿನ ಮಿಡಿತದೊಳಗೆ ಸಂಕೇತ ತಲುಪುವುದಿಲ್ಲ. ಕ್ರೇ ಯಂತ್ರವನ್ನು ಬಳೆಯ ತುಂಡಿನಂತೆ ಬಾಗಿಸಿದರು. ಒಳಬದಿಯ ಯಾವ ತಂತಿಯೂ ನಾಲ್ಕು ಅಡಿ ಮೀರದಂತೆ ನೋಡಿಕೊಂಡರು.

ಆದರೆ ಒತ್ತೊತ್ತಾಗಿ ಜೋಡಿಸಿದರೆ ಬಿಸಿ ಹೋಗುವುದೆಲ್ಲಿಗೆ? ಯಂತ್ರ ನುಂಗುತ್ತಿದ್ದ ವಿದ್ಯುತ್ ಸುಮಾರು 115 ಕಿಲೋವಾಟ್. ಫ್ರಿಯಾನ್ ಕೊಳವೆಗಳನ್ನು ಅಳವಡಿಸಿದಾಗ ಸಂದುಗಳಿಂದ ಎಣ್ಣೆ ಸೋರಿ ಮಂಡಲಗಳ ಮೇಲೆ ಹರಡಿತು. ಹೊಸ ಬೆಸುಗೆ ವಿಧಾನ ಕಂಡುಕೊಳ್ಳಲು ತಿಂಗಳುಗಳೇ ಹಿಡಿದವು.

ಇಷ್ಟೆಲ್ಲ ಮಾಡಿದರೂ ಕ್ರೇ-1ರ ಮೆಮೊರಿ ಸುಮಾರು 8 ಮೆಗಾಬೈಟ್ ಮಾತ್ರ! ಇಂದಿನ 4 ಗಿಗಾಬೈಟ್ ಮೊಬೈಲ್‌ನಲ್ಲಿ ಅದರ ಐನೂರು ಪಟ್ಟು ಮೆಮೊರಿ ಇದೆ. ವೇಗದ ಲೆಕ್ಕಕ್ಕೆ ಅಂಕಿಗಳನ್ನು ಅಷ್ಟೇ ವೇಗವಾಗಿ ಒದಗಿಸುವ ಮೆಮೊರಿಯೂ ಬೇಕೆಂಬುದು ಕ್ರೇ ಅವರಿಗೆ ಗೊತ್ತಿತ್ತು. 1985ರ ಕ್ರೇ-2ರಲ್ಲಿ ಅವರು ಮೆಮೊರಿಯನ್ನು 2 ಗಿಗಾಬೈಟ್‌ಗೆ ಏರಿಸಿದರು. ಮಿಡಿತವನ್ನು ಮೂರು ಪಟ್ಟು ಹೆಚ್ಚಿಸಿದರು. ಬಿಸಿ ತಡೆಯಲು ಇಡೀ ಮಂಡಲಗಳನ್ನೇ ವಿದ್ಯುತ್ ಹರಿಯದ ವಿಶೇಷ ದ್ರವದಲ್ಲಿ ಮುಳುಗಿಸಿದರು!

ಈ ಕಥೆಗೆ ನಮ್ಮ ಬೆಂಗಳೂರಿನ ನಂಟೂ ಇದೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗಾಗಿ ಕ್ರೇ ಕಂಪನಿಯ ಎಕ್ಸ್-ಎಂಪಿ ಯಂತ್ರವನ್ನು ಭಾರತ ಕೇಳಿತು. ಅಮೆರಿಕ ಸರ್ಕಾರ ಒಪ್ಪಲಿಲ್ಲ. ಮುಂಗಾರಿನ ಮುನ್ಸೂಚನೆಗೆಂದು ಕಡಿಮೆ ಶಕ್ತಿಯ ಮಾದರಿಯೊಂದನ್ನು ಮಾತ್ರ ದೆಹಲಿಗೆ ಕೊಟ್ಟಿತು. ನಮ್ಮವರು ಕೈಕಟ್ಟಿ ಕೂರಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ 1986ರಲ್ಲೇ ಫ್ಲೊಸಾಲ್ವರ್ ಎಂಬ ಯಂತ್ರವನ್ನು ನಿರ್ಮಿಸಿತು. ಪುಣೆಯ ಸಿ-ಡ್ಯಾಕ್ 1991ರಲ್ಲಿ ಪರಮ್ 8000 ಸಿದ್ಧಪಡಿಸಿತು. ಇವುಗಳ ಗುಟ್ಟು ಬೇರೆ: ಹಲವು ಸಣ್ಣ ಸಂಸ್ಕಾರಕಗಳು ಕೆಲಸ ಹಂಚಿಕೊಳ್ಳುವುದು. ನಾಟಿ ಕಾಲದಲ್ಲಿ ಮುಯ್ಯಾಳುಗಳು ಒಂದೇ ಗದ್ದೆಗೆ ಇಳಿದಂತೆ!

ಕ್ರೇ ನಂಬಿದ್ದು ಕೆಲವೇ ಬಲಶಾಲಿ ಸಂಸ್ಕಾರಕಗಳನ್ನು. ಸಿಲಿಕಾನ್ ಬಿಟ್ಟು ಗ್ಯಾಲಿಯಂ ಆರ್ಸೆನೈಡ್ ಬಳಸಿ ಕ್ರೇ-3 ರಚಿಸಿದರು. ಅದು ಮಾರಾಟವಾಗಲಿಲ್ಲ. 1995ರಲ್ಲಿ ಆ ಕಂಪನಿ ದಿವಾಳಿಯಾಯಿತು. ಎಪ್ಪತ್ತರ ವಯಸ್ಸಿನಲ್ಲೂ ಎದೆಗುಂದದೆ 1996ರಲ್ಲಿ ಮತ್ತೊಂದು ಕಂಪನಿ ತೆರೆದರು. ಆದರೆ ಅದೇ ಸೆಪ್ಟೆಂಬರ್‌ನಲ್ಲಿ ರಸ್ತೆ ಅಪಘಾತಕ್ಕೀಡಾಗಿ ಅಕ್ಟೋಬರ್ 5ರಂದು ತೀರಿಕೊಂಡರು. ಇಂದಿನ ಸೂಪರ್ ಕಂಪ್ಯೂಟರ್‌ಗಳು ನಡೆಯುತ್ತಿರುವುದು ಕೆಲಸ ಹಂಚಿಕೊಳ್ಳುವ ಹಾದಿಯಲ್ಲೇ. ಆದರೂ ತಂತಿ ಚಿಕ್ಕದಿರಬೇಕು, ಬಿಸಿ ಹೊರಹೋಗಬೇಕು, ಮೆಮೊರಿ ಹಿಂದೆ ಬೀಳಬಾರದು ಎಂಬ ಕ್ರೇ ಪಾಠಗಳನ್ನು ಅವು ಬಿಟ್ಟಿಲ್ಲ.

ಈ ಪಾಠಗಳು ನಿಮ್ಮ ಶಾಲೆಯ ಪುಟ್ಟ ಕಂಪ್ಯೂಟರ್‌ಗೂ ಅನ್ವಯಿಸುತ್ತವೆ. ಮೆಮೊರಿ ಸಾಲದಿದ್ದರೆ ಅದು ಮಾಹಿತಿಯನ್ನು ನಿಧಾನದ ಡಿಸ್ಕ್‌ನಲ್ಲಿ ಇಟ್ಟು ತೆಗೆದು ಮಾಡುತ್ತದೆ, ಆಗ ಕಾಯಬೇಕಾಗುತ್ತದೆ. ಸರಿಯಾದ ಜಾತಿಯ ರ‍್ಯಾಮ್ ಪಟ್ಟಿ ಸೇರಿಸಿದರೆ ಹಳೆಯ ಯಂತ್ರವೂ ಚುರುಕಾದೀತು. ಡಿಡಿಆರ್3ರ ಜಾಗದಲ್ಲಿ ಡಿಡಿಆರ್4 ಕೂರದು, ಅವುಗಳ ಕಚ್ಚು ಬೇರೆ ಬೇರೆ. ಈ ಕೆಲಸವನ್ನು ಶಿಕ್ಷಕರು ವಿದ್ಯುತ್ ಸಂಪರ್ಕ ತೆಗೆದ ಮೇಲೆಯೇ ಮಾಡಬೇಕು.

ಮಿಡಿತವನ್ನು ತಯಾರಕರು ಗೊತ್ತುಪಡಿಸಿದ ಮಿತಿಗಿಂತ ಏರಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಅದಕ್ಕಾಗಿ ವೋಲ್ಟೇಜನ್ನೂ ಏರಿಸಿದರೆ ಬಿಸಿ ಇನ್ನೂ ವೇಗವಾಗಿ ಹೆಚ್ಚುತ್ತದೆ. ಪುಟ್ಟ ಪೆಟ್ಟಿಗೆಯಲ್ಲಿ ಗಾಳಿಯಾಡುವ ಜಾಗವೇ ಕಡಿಮೆ. ಲೆಕ್ಕ ತಪ್ಪಬಹುದು, ಯಂತ್ರ ಕೆಡಲೂಬಹುದು. ಆದ್ದರಿಂದ ಶಾಲೆಯ ಕಂಪ್ಯೂಟರ್‌ಗೆ ಅದು ಬೇಡ. ಬಿಸಿಗೆ ದಾರಿ ಮಾಡದೆ ಕ್ರೇ ಕೂಡ ವೇಗ ಏರಿಸಲಿಲ್ಲ.

ಮಾಡಿ ನೋಡಿ: ಕ್ರೇ-1ರ ಒಂದು ಮಿಡಿತದಲ್ಲಿ ಬೆಳಕು ಎಷ್ಟು ದೂರ ಸಾಗುತ್ತದೆ? ಲೆಕ್ಕ ಹಾಕಿ, ಅಷ್ಟು ಉದ್ದದ ದಾರ ಕತ್ತರಿಸಿ ತರಗತಿಯಲ್ಲಿ ಹಿಡಿದು ನೋಡಿ. ಬಳಿಕ ಸೆಕೆಂಡಿಗೆ 300 ಕೋಟಿ ಮಿಡಿತದ ಕಂಪ್ಯೂಟರ್‌ಗೂ ಇದೇ ಲೆಕ್ಕ ಮಾಡಿ. ಆ ದಾರ ನಿಮ್ಮ ಅಂಗೈಯಲ್ಲಿ ಹಿಡಿಸುತ್ತದೆಯೇ?