ಇಲಿ ಸಾಕಿದ ಟೀಚರ್: ಅಬ್ಬಿ ಲ್ಯಾಥ್ರಪ್

ಬೋಧನಾಭ್ಯಾಸದ ಮೂರನೇ ವಾರ. ಹತ್ತನೇ ತರಗತಿಗೆ ಅನುವಂಶೀಯತೆ ಪಾಠ ಮಾಡುತ್ತಿದ್ದೆ. ಮೆಂಡಲ್‌ನ ಬಟಾಣಿ ಗಿಡ, ಎತ್ತರ, ಕುಳ್ಳು, 3:1 ಅನುಪಾತ, ಎಲ್ಲವೂ ಪಾಠಯೋಜನೆಯಲ್ಲಿ ಬರೆದುಕೊಂಡಂತೆಯೇ ಸಾಗಿತ್ತು. ಕೊನೆಯ ಐದು ನಿಮಿಷದಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ತನ್ನ ಅಜ್ಜಿಗೂ ಚಿಕ್ಕಮ್ಮನಿಗೂ ಸ್ತನ ಕ್ಯಾನ್ಸರ್ ಆಗಿತ್ತು, ಅದೂ ಬಟಾಣಿಯ ಬಣ್ಣದ ಹಾಗೆಯೇ ಬರುತ್ತದೆಯೇ ಎಂದು ಕೇಳಿದಳು. ಅದು ಮೇಲಿನ ತರಗತಿಯಲ್ಲಿ ಬರುವ ವಿಷಯ ಎಂದು ಹೇಳಿ ಬೋರ್ಡ್ ಒರೆಸಿಬಿಟ್ಟೆ. ಆ ಪಾಠಕ್ಕೆ ವೀಕ್ಷಕರು ಒಳ್ಳೆಯ ಅಂಕವನ್ನೇ ಕೊಟ್ಟಿದ್ದರು. ನನಗೆ ಮಾತ್ರ ಆ ರಾತ್ರಿ ಸಮಾಧಾನವಿರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕವರು ನಮ್ಮದೇ ವೃತ್ತಿಯ ಒಬ್ಬ ಹೆಣ್ಣುಮಗಳು. ಇಲಿಗಳ ಮೇಲೆ ಕ್ಯಾನ್ಸರ್ ಸಂಶೋಧನೆ ಮಾಡುವವರ ನಡುವೆ ಅವರ ಹೆಸರು ಪ್ರಸಿದ್ಧ. ನಮ್ಮ ಪಠ್ಯಪುಸ್ತಕದಲ್ಲಿ ಇಲ್ಲ.

ಅಬ್ಬಿ ಲ್ಯಾಥ್ರಪ್ ಹುಟ್ಟಿದ್ದು 1868ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದಲ್ಲಿ. ತಂದೆ ತಾಯಿ ಇಬ್ಬರೂ ಶಿಕ್ಷಕರು. ಹದಿನಾರು ವರ್ಷದವರೆಗೆ ಮನೆಯಲ್ಲೇ ಓದು. ಆಮೇಲೆ ಎರಡು ವರ್ಷ ಶಾಲೆಗೆ ಹೋಗಿ, ಪಾಠ ಹೇಳುವ ಅರ್ಹತಾ ಪತ್ರ ಪಡೆದು ಶಿಕ್ಷಕಿಯಾದರು. ಕಾಲೇಜು ಪದವಿ ಕೊನೆಯವರೆಗೂ ಇರಲಿಲ್ಲ. ಕೆಲವು ವರ್ಷ ಕಲಿಸುವಷ್ಟರಲ್ಲಿ ತೀವ್ರ ರಕ್ತಹೀನತೆಯ ರೋಗ ಹಿಡಿಯಿತು. ಆ ರೋಗಕ್ಕೆ ಯಕೃತ್ತಿನ ಆಹಾರ ಮದ್ದಾಗುತ್ತದೆ ಎಂದು ಗೊತ್ತಾದದ್ದು 1926ರಲ್ಲಿ. ಲ್ಯಾಥ್ರಪ್ ಅವರ ಪಾಲಿಗೆ ಇದ್ದದ್ದು ಕೆಲಸ ಬಿಡುವುದೊಂದೇ.

1900ರ ಹೊತ್ತಿಗೆ ಅವರು ಮ್ಯಾಸಚೂಸೆಟ್ಸ್ ರಾಜ್ಯದ ಗ್ರ್ಯಾನ್ಬಿ ಎಂಬ ಹಳ್ಳಿಗೆ ಬಂದು ಕೋಳಿ ಸಾಕಿದರು. ಕೈಹತ್ತಲಿಲ್ಲ. ಆಮೇಲೆ ಒಂದು ಜೋಡಿ ಕುಣಿಯುವ ಇಲಿ ತಂದರು. ಒಳಕಿವಿಯ ದೋಷದಿಂದ ಇವು ತಿರುಗಿದಲ್ಲೇ ತಿರುಗುತ್ತವೆ. ನೋಡುವವರಿಗೆ ಅದು ಕುಣಿತ. ಆಗ ಅಲ್ಲಿ ಬಣ್ಣಬಣ್ಣದ ಇಲಿಗಳನ್ನು ಸಾಕುವ ಶೋಕಿ ಜೋರಾಗಿತ್ತು. ಮಾರಾಟಕ್ಕೆಂದು ಶುರುವಾದ ಸಾಕಣೆ ಬೆಳೆದು ಒಂದು ಹಂತದಲ್ಲಿ ಇಲಿಗಳ ಸಂಖ್ಯೆ 11,000 ದಾಟಿತು. ಮರದ ಪೆಟ್ಟಿಗೆಗಳಲ್ಲಿ ಹುಲ್ಲು ಹಾಸಿ ಸಾಕುತ್ತಿದ್ದರು; ಓಟ್ಸು, ಬಿಸ್ಕತ್ತು ಅವುಗಳ ಆಹಾರ. ಪೆಟ್ಟಿಗೆ ತೊಳೆಯಲು ಊರಿನ ಮಕ್ಕಳಿಗೆ ಗಂಟೆಗೆ 7 ಸೆಂಟ್ ಕೂಲಿ.

ಮೆಂಡಲ್‌ನ ನಿಯಮಗಳು ಮರುಶೋಧನೆಯಾದದ್ದೂ 1900ರಲ್ಲೇ. ಅದು ಪ್ರಾಣಿಗಳಿಗೂ ಹೊಂದುತ್ತದೆಯೇ ಎಂದು ನೋಡಲು ಹಾರ್ವರ್ಡ್‌ನ ವಿಲಿಯಂ ಕ್ಯಾಸಲ್ ಅವರಿಗೆ ಇಲಿಗಳು ಬೇಕಿದ್ದವು. 1902ರಿಂದ ಅವರು ಲ್ಯಾಥ್ರಪ್ ಅವರಿಂದಲೇ ತರಿಸಿಕೊಂಡರು. ಬೇರೆ ಪ್ರಯೋಗಾಲಯಗಳೂ ಕೇಳತೊಡಗಿದವು. ಕೊಳ್ಳುವವರಿಗೆ ಯಾವ ಇಲಿ ಯಾವ ಸಂತತಿಯದು ಎಂಬ ಲೆಕ್ಕ ಬೇಕು. ಹಾಗಾಗಿ ಲ್ಯಾಥ್ರಪ್ ನೋಟ್‌ಬುಕ್ ಇಟ್ಟರು: ಯಾವ ಹೆಣ್ಣು, ಯಾವ ಗಂಡು, ಎಷ್ಟು ಮರಿ, ಯಾವಾಗ ಸತ್ತಿತು, ಏನಾಗಿ ಸತ್ತಿತು. ನಾವು ಪ್ರಾಯೋಗಿಕ ರೆಕಾರ್ಡನ್ನು ಗೆಳೆಯರದ್ದು ನೋಡಿ ಒಂದೇ ರಾತ್ರಿಯಲ್ಲಿ ತುಂಬಿಸುವುದು ನೆನಪಾಗಿ ನಾಚಿಕೆಯಾಯಿತು.

1908ರ ಸುಮಾರಿಗೆ ಕೆಲವು ಇಲಿಗಳ ಚರ್ಮದ ಮೇಲೆ ವಿಚಿತ್ರ ಗಂಟುಗಳು ಕಂಡವು. ಬೇರೆಯವರಾಗಿದ್ದರೆ ಅಂಥವನ್ನು ಕೊಂದು ಎಸೆದು ವ್ಯಾಪಾರ ಉಳಿಸಿಕೊಳ್ಳುತ್ತಿದ್ದರೋ ಏನೋ. ಇವರು ಮಾದರಿಗಳನ್ನು ಹಲವು ವಿಜ್ಞಾನಿಗಳಿಗೆ ಕಳುಹಿಸಿದರು. ಅದು ಕ್ಯಾನ್ಸರ್ ಎಂದು ಗುರುತಿಸಿದವರು ರೋಗಶಾಸ್ತ್ರಜ್ಞ ಲಿಯೋ ಲೋಬ್. ಅಲ್ಲಿಂದ ಮುಂದೆ ಇಬ್ಬರೂ ಕೂಡಿ ಪ್ರಯೋಗ ಮಾಡಿದರು. ಕೆಲವು ವಂಶಗಳಲ್ಲಿ ಸ್ತನದ ಗಡ್ಡೆ ತಲೆಮಾರಿನಿಂದ ತಲೆಮಾರಿಗೆ ಹೆಚ್ಚು, ಕೆಲವುಗಳಲ್ಲಿ ತೀರಾ ಕಡಿಮೆ ಎಂಬುದು ಆ ನೋಟ್‌ಬುಕ್‌ಗಳಿಂದಲೇ ಹೊರಬಿತ್ತು. ಅಂಡಾಶಯ ತೆಗೆದ ಇಲಿಗಳಲ್ಲಿ ಗಡ್ಡೆ ಕಡಿಮೆ, ಗರ್ಭ ಧರಿಸಿದವುಗಳಲ್ಲಿ ಹೆಚ್ಚು ಎಂಬುದೂ ತಿಳಿಯಿತು. ಎಂದರೆ ವಂಶವೂ ಉಂಟು, ವಂಶವೊಂದೇ ಅಲ್ಲ. 1913ರಿಂದ ಪ್ರಕಟವಾದ ಈ ಲೇಖನಗಳಲ್ಲಿ ಹಲವದರಲ್ಲಿ ಮೊದಲ ಹೆಸರು ಪದವಿಯಿಲ್ಲದ ಈ ಟೀಚರದ್ದೇ.

1918ರಲ್ಲಿ, ಐವತ್ತರ ಆಸುಪಾಸಿನಲ್ಲಿ, ಅದೇ ರಕ್ತಹೀನತೆ ಅವರನ್ನು ಕೊಂಡೊಯ್ದಿತು.

ಇಲಿಗಳು ಉಳಿದವು. ಕ್ಯಾಸಲ್ ಅವರ ಶಿಷ್ಯ ಕ್ಲಾರೆನ್ಸ್ ಲಿಟಲ್ 1921ರಲ್ಲಿ ಲ್ಯಾಥ್ರಪ್ ಸಾಕಣೆಯ 57ನೇ ಹೆಣ್ಣನ್ನು 52ನೇ ಗಂಡಿನೊಂದಿಗೆ ಕೂಡಿಸಿ, ಒಡಹುಟ್ಟುಗಳನ್ನೇ ಮತ್ತೆ ಮತ್ತೆ ಕೂಡಿಸುತ್ತಾ ಒಂದು ಕಪ್ಪು ತಳಿ ಕಟ್ಟಿದರು. ಅದೇ ಸಿ57ಬ್ಲ್ಯಾಕ್. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಪ್ರಯೋಗಾಲಯದ ಇಲಿ ಇದರ ಒಂದು ಕವಲು.

ಗಡ್ಡೆ ತಡೆಯುವ ಜೀನ್‌ಗಳ ಕತೆ ಇಲ್ಲಿ ಬಂದು ಸೇರುತ್ತದೆ. ನಮ್ಮ ಜೀವಕೋಶದಲ್ಲಿ ಕೆಲವು ಜೀನ್‌ಗಳು ಬ್ರೇಕಿನಂತೆ ಕೆಲಸ ಮಾಡುತ್ತವೆ. ಅವುಗಳ ಎರಡೂ ಪ್ರತಿ ಕೆಟ್ಟರೆ ಕೋಶ ಹದ್ದುಮೀರಿ ವಿಭಜಿಸಬಹುದು. ಅವುಗಳಲ್ಲಿ ಹೆಸರಾದದ್ದು ಪಿ53. ಇಲಿಯ ಎಳೆ ಭ್ರೂಣದ ಕೋಶಗಳಲ್ಲಿ ಈ ಜೀನನ್ನು ಕೆಡಿಸಿ, ಆ ಕೋಶಗಳನ್ನು ಇನ್ನೊಂದು ಭ್ರೂಣದೊಳಗೆ ಸೇರಿಸಿ, ಹುಟ್ಟಿದ ಮರಿಗಳಿಂದ ಸಂತತಿ ಬೆಳೆಸಿ, ಪಿ53 ಇಲ್ಲವೇ ಇಲ್ಲದ ಇಲಿಗಳನ್ನು 1992ರಲ್ಲಿ ವರದಿ ಮಾಡಿದರು. ಅವು ಗರ್ಭದಲ್ಲೇ ಸಾಯಬಹುದೆಂದುಕೊಂಡರೆ, ಬಹುಪಾಲು ಸರಿಯಾಗಿಯೇ ಹುಟ್ಟಿದವು. ಆರು ತಿಂಗಳೊಳಗೆ ಸುಮಾರು ನಾಲ್ಕರಲ್ಲಿ ಮೂರಕ್ಕೆ ಗಡ್ಡೆ ಬಂತು. ಕೆಲವು ವರ್ಷ ಕಳೆದು ತಿಳಿದದ್ದು ಇನ್ನೊಂದು: ಪಿ53 ಇಲ್ಲದಿದ್ದರೂ ಒಂದು ತಳಿಯಲ್ಲಿ ಗಡ್ಡೆ ಬೇಗ, ಸಿ57ಬ್ಲ್ಯಾಕ್ ಬೆರೆತ ಇಲಿಗಳಲ್ಲಿ ತಡ. ಕೆಟ್ಟ ಜೀನ್ ಒಂದೇ, ಸುತ್ತಲಿನ ವಂಶ ಬೇರೆ. ಗ್ರ್ಯಾನ್ಬಿಯ ಕೊಟ್ಟಿಗೆಯಲ್ಲಿ ಪೆಟ್ಟಿಗೆ ಪೆಟ್ಟಿಗೆಗೂ ಲೆಕ್ಕ ಬರೆದಾಗ ಕಂಡದ್ದೂ ಇದೇ ಅಲ್ಲವೇ?

ಮುಂದಿನ ಸೋಮವಾರ ಪುನರಾವರ್ತನೆಯ ಅವಧಿಯಲ್ಲಿ ಈ ಕತೆಯನ್ನು ಹೇಳಿದೆ. ಪಾಠಯೋಜನೆಯಲ್ಲಿ ಇರಲಿಲ್ಲ, ಸಮಯ ಮೀರಿತೆಂದು ವೀಕ್ಷಕರು ಬರೆದರು, ಸರಿಯೇ. ಹೆಚ್ಚಿನ ಸ್ತನ ಕ್ಯಾನ್ಸರ್ ತಂದೆ ತಾಯಿಯಿಂದ ಬರುವುದಲ್ಲ, ಕೆಲವು ಮನೆತನಗಳಲ್ಲಿ ಮಾತ್ರ ಒಂದು ಬ್ರೇಕು ಕೆಟ್ಟೇ ಹುಟ್ಟಿನಲ್ಲಿ ಬಂದಿರುತ್ತದೆ, ಹಾಗಿದ್ದರೂ ರೋಗ ಬಂದೇ ತೀರುತ್ತದೆ ಎಂದಲ್ಲ ಎಂದೆ. ತರಗತಿ ಮುಗಿದ ಮೇಲೆ ಆ ಹುಡುಗಿಯನ್ನು ಕರೆದು, ಅಮ್ಮನ ಜೊತೆ ಒಮ್ಮೆ ಡಾಕ್ಟರ ಹತ್ತಿರ ಮಾತಾಡಿ ಎಂದೂ ಹೇಳಿದೆ. ಅವಳು ತಲೆಯಾಡಿಸಿದಳು. ಹೋಗುವ ಮುಂಚೆ, ಆ ಟೀಚರ್ ಬರೆದ ನೋಟ್‌ಬುಕ್‌ಗಳು ಏನಾದವು ಎಂದು ಕೇಳಿದಳು. ಲಿಟಲ್ ಸ್ಥಾಪಿಸಿದ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ ಈಗಲೂ ಇವೆ. ಈ ಸಲ ಉತ್ತರ ಗೊತ್ತಿತ್ತು.