ಮುಮ್ಮಡಿ ಕೃಷ್ಣರಾಜರ ಕೌತುಕನಿಧಿ

ಮೈಸೂರಿನ ಜಗನ್ಮೋಹನ ಅರಮನೆಯು 1861ರಲ್ಲಿ ಕಟ್ಟಲ್ಪಟ್ಟಿತು. ಅದರ ಮೇಲಂತಸ್ತಿನ ರಂಗಮಹಲಿನ ಭಿತ್ತಿಗಳ ಮೇಲೆ ಚಿತ್ರಿತವಾಗಿರುವುದು ಯುದ್ಧ, ಬೇಟೆ, ಮೆರವಣಿಗೆಗಳು ಮಾತ್ರವಲ್ಲ. ಮನೆಮನೆಗಳಾಗಿ ವಿಭಾಗಗೊಂಡ ಆಟದ ಪಟಗಳೂ ಅಲ್ಲಿವೆ. ಅರಮನೆಯೊಂದರ ಗೋಡೆಯ ಮೇಲೆ ಆಟದ ಮಣೆಗೆ ಇಷ್ಟು ಗೌರವದ ಸ್ಥಾನ ದೊರೆತುದು ವಿರಳ. ಈ ಅರಮನೆಯನ್ನು ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಆಗ ಅವರಿಗೆ ಅರವತ್ತೇಳನೆಯ ವಯಸ್ಸು. ರಾಜ್ಯದ ಆಡಳಿತವು ಅವರ ಕೈಬಿಟ್ಟು ಮೂವತ್ತು ವರ್ಷಗಳಾಗಿದ್ದುವು.

ಕೃಷ್ಣರಾಜರು ಜನಿಸಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ತಂದೆ ಖಾಸಾ ಚಾಮರಾಜ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿಯವರು. ಮಗುವಿಗೆ ಎರಡು ವರ್ಷ ತುಂಬುವ ವೇಳೆಗೆ ತಂದೆ ತೀರಿಕೊಂಡರು. ಅರಸುಮನೆತನವು ಹೆಸರಿಗೆ ಮಾತ್ರ ಅರಸುಮನೆತನವಾಗಿದ್ದ ಕಾಲವದು. ಇಮ್ಮಡಿ ಕೃಷ್ಣರಾಜರ ರಾಣಿಯಾಗಿದ್ದ ಲಕ್ಷ್ಮಮ್ಮಣ್ಣಿಯವರು ಈ ಬಾಲಕನನ್ನು ಸಾಕಿದರು. ಮನೆತನಕ್ಕೆ ಸಿಂಹಾಸನವು ಮರಳಿ ಬರಬೇಕೆಂದು ಹಲವು ದಶಕಗಳ ಕಾಲ ಹಟಹಿಡಿದು ಶ್ರಮಿಸಿದ ಧೀರೆ ಆಕೆ. ಟಿಪ್ಪು ಸುಲ್ತಾನರ ಪತನಾನಂತರ, 1799ರ ಜೂನ್ 30ರಂದು, ಐದು ವರ್ಷವೂ ತುಂಬದ ಕೃಷ್ಣರಾಜರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ಆಗ ನಗರದಲ್ಲಿ ಅರಮನೆಯೆಂಬುದೇ ಇರಲಿಲ್ಲ. ಮರದ ಹೊಸ ಅರಮನೆ ಸಿದ್ಧವಾದುದು 1803ರ ಹೊತ್ತಿಗೆ. ಬಾಲಕ ಅರಸರ ಪರವಾಗಿ ದಿವಾನ್ ಪೂರ್ಣಯ್ಯನವರು 1811ರವರೆಗೆ ರಾಜ್ಯಭಾರ ನಡೆಸಿದರು.

ಅನಂತರದ ಇಪ್ಪತ್ತು ವರ್ಷಗಳು ಕೃಷ್ಣರಾಜರ ಸ್ವಂತ ಆಳ್ವಿಕೆಯ ಕಾಲ. ಅವರು ಉದಾರಿಗಳು, ಔದಾರ್ಯವು ಬೊಕ್ಕಸದ ಮಿತಿಯನ್ನು ಮೀರಿದುದೂ ಉಂಟು. ಅದನ್ನು ಮರೆಮಾಚುವುದು ಸತ್ಯಕ್ಕೆ ಅಪಚಾರವಾದೀತು. ಆದರೆ 1830–31ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದಾಗ, ಅದನ್ನೇ ಕಾರಣವಾಗಿ ಹಿಡಿದು ಗವರ್ನರ್ ಜನರಲ್ ಬೆಂಟಿಂಕನು ಇಡೀ ರಾಜ್ಯದ ಆಡಳಿತವನ್ನೇ ವಶಪಡಿಸಿಕೊಂಡುದು ನ್ಯಾಯವಾದ ಕ್ರಮವಾಗಿರಲಿಲ್ಲ. ಬೆಂಟಿಂಕನಿಗೇ ಮುಂದೆ ಈ ವಿಷಯದಲ್ಲಿ ಸಂಶಯ ಉಂಟಾಯಿತು. ಆದರೂ ಕಳೆದುಕೊಂಡ ಅಧಿಕಾರ ಅರಸರಿಗೆ ಮರಳಲಿಲ್ಲ. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮೀಷನರಾಗಿ ರಾಜ್ಯವನ್ನು ಆಳಿದನು. ಅರಸರಿಗೆ ಉಳಿದುದು ವರ್ಷಾಶನ, ಅರಮನೆ ಮತ್ತು ಬಿರುದುಗಳು.

ಮೂವತ್ತೇಳನೆಯ ವಯಸ್ಸಿನಲ್ಲಿ ಕೆಲಸವನ್ನು ಕಳೆದುಕೊಂಡ ಒಬ್ಬ ಅರಸನು ಉಳಿದ ಆಯುಷ್ಯವನ್ನು ಹೇಗೆ ಕಳೆಯಬೇಕು? ಕೃಷ್ಣರಾಜರು ಕೊರಗುತ್ತ ಕೂಡಲಿಲ್ಲ. 1833ರಲ್ಲಿ ತಮ್ಮ ಸ್ವಂತ ವೆಚ್ಚದಿಂದ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯನ್ನು ತೆರೆಸಿದರು. ಕವಿಗಳಿಗೂ ಪಂಡಿತರಿಗೂ ಚಿತ್ರಕಾರರಿಗೂ ಆಶ್ರಯವಿತ್ತರು. ತಮ್ಮ ಇಬ್ಬರು ಪುತ್ರಿಯರನ್ನು ವರಿಸಿದ ಅಳಿಯ ಲಿಂಗರಾಜರು ಆ ಕಾಲದ ಗಣ್ಯ ಕವಿಗಳಲ್ಲಿ ಒಬ್ಬರಾಗಿದ್ದರು. ಸಾಹಿತ್ಯವು ಹೀಗೆ ಅರಮನೆಯ ಸಂಸಾರದ ಒಳಗೇ ನೆಲೆಸಿತ್ತು. ಇವೆಲ್ಲ ಇತಿಹಾಸದಲ್ಲಿ ಸಾಕಷ್ಟು ಉಲ್ಲೇಖಗೊಂಡ ವಿಷಯಗಳು. ಅಷ್ಟಾಗಿ ಪ್ರಚಾರಕ್ಕೆ ಬಾರದ ಇನ್ನೊಂದು ಕಾರ್ಯವಿದೆ: ಆಟಗಳ ರಚನೆ.

ಅವರ ಹೆಸರಿನಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಎಂಬ ಬೃಹತ್ ಸಚಿತ್ರ ಗ್ರಂಥದಲ್ಲಿ ಒಂಬತ್ತು ನಿಧಿಗಳಿವೆ. ಶಕ್ತಿ, ವಿಷ್ಣು, ಶಿವ ಮೊದಲಾದ ದೇವತೆಗಳ ಧ್ಯಾನರೂಪಗಳನ್ನು ಹೇಳಿ ಮುಗಿಸಿದ ಮೇಲೆ ಕಡೆಯದಾಗಿ ಬರುವುದು ಕೌತುಕನಿಧಿ. ನೂರಿಪ್ಪತ್ತೆರಡು ಯೋಗಾಸನಗಳ ಚಿತ್ರಗಳು ಇರುವುದು ಈ ಭಾಗದಲ್ಲಿಯೇ. ಗಂಜೀಫಾ ಎಲೆಗಳ ಆಟಗಳ ವಿವರಣೆ ಇರುವುದೂ ಇಲ್ಲಿಯೇ. ದೇವರ ಧ್ಯಾನವನ್ನೂ ಮನೆಯ ಆಟವನ್ನೂ ಒಂದೇ ಗ್ರಂಥದಲ್ಲಿ ಹೊಲಿದಿಟ್ಟ ಮನಸ್ಸು ಆಟವನ್ನು ಹಗುರವಾಗಿ ಕಂಡ ಮನಸ್ಸಲ್ಲ.

ಗಂಜೀಫಾ ಎಂದರೆ ಕೈಯಿಂದ ಬರೆದ ಇಸ್ಪೀಟು. ಎಲೆಗಳು ಸಾಮಾನ್ಯವಾಗಿ ದುಂಡಗಿರುತ್ತವೆ. ಮೊಗಲರ ಆಟದಲ್ಲಿ ಎಂಟು ಪಂಗಡ, ಪಂಗಡಕ್ಕೆ ಹನ್ನೆರಡರಂತೆ ತೊಂಬತ್ತಾರು ಎಲೆ. ವಿಷ್ಣುವಿನ ಹತ್ತು ಅವತಾರಗಳನ್ನು ಪಂಗಡಗಳನ್ನಾಗಿ ಮಾಡಿಕೊಂಡ ದಶಾವತಾರದ ಆಟದಲ್ಲಿ ನೂರಿಪ್ಪತ್ತು ಎಲೆ. ಪ್ರತಿ ಪಂಗಡದಲ್ಲಿಯೂ ಒಂದರಿಂದ ಹತ್ತರವರೆಗಿನ ಅಂಕೆಯ ಎಲೆಗಳು, ಒಬ್ಬ ರಾಜ, ಒಬ್ಬ ಮಂತ್ರಿ. ಕೃಷ್ಣರಾಜರಿಗೆ ಇಷ್ಟು ಸಾಲದಾಯಿತು. ಅವರು ‘ಛದ’ ಎಂಬ ಹೆಸರಿನಲ್ಲಿ ಹೊಸ ಹೊಸ ಆಟಗಳನ್ನು ಕಲ್ಪಿಸಿದರು. ಪಂಗಡಗಳನ್ನು ಹೆಚ್ಚಿಸಿದರು, ರಾಜ, ಮಂತ್ರಿಗಳ ಜೊತೆಗೆ ಇನ್ನೂ ಕೆಲವು ಚಿತ್ರದ ಎಲೆಗಳನ್ನು ಸೇರಿಸಿದರು. ಮೂವತ್ತಾರು ಎಲೆಗಳ ಪುಟ್ಟ ಆಟದಿಂದ ಮುನ್ನೂರ ಅರವತ್ತು ಎಲೆಗಳ ಮಹಾ ಆಟದವರೆಗೆ ಅವರ ಕಲ್ಪನೆ ಹಬ್ಬಿತು. ಕುಲದೇವತೆಯ ಹೆಸರನ್ನು ಹೊತ್ತ ಚಾಮುಂಡೇಶ್ವರೀ ಛದದಲ್ಲಿ ಹದಿನಾರು ಪಂಗಡಗಳು, ಮುನ್ನೂರ ಇಪ್ಪತ್ತು ಎಲೆಗಳು. ಅಷ್ಟು ಎಲೆಗಳ ಸ್ಥಾನಮಾನವನ್ನು ನೆನಪಿನಲ್ಲಿಟ್ಟುಕೊಂಡು ಆಡುವುದು ಸುಲಭವಲ್ಲ. ಜನಸಾಮಾನ್ಯರಲ್ಲಿ ಈ ದೊಡ್ಡ ಆಟಗಳು ಬೇರೂರದೆ ಹೋದುದಕ್ಕೆ ಈ ಕಠಿಣತೆಯೂ ಒಂದು ಕಾರಣವಾಗಿರಬಹುದು.

ಎಲೆಗಳ ತಯಾರಿಕೆಯೇ ಒಂದು ಮನೆಗೆಲಸವಾಗಿತ್ತು. ಅರಸುಮನೆಗಳಿಗೆ ದಂತದ ಎಲೆಗಳಾದರೆ, ಉಳಿದವರಿಗೆ ಬಟ್ಟೆ ಅಥವಾ ಕಾಗದದ ಎಲೆಗಳು. ಬಟ್ಟೆಯ ಪದರಗಳನ್ನು ಹುಣಿಸೆಬೀಜದ ಅಂಟಿನಿಂದ ಒಂದರ ಮೇಲೊಂದು ಅಂಟಿಸಿ, ಸುಣ್ಣದ ಪುಡಿಯನ್ನು ಬಳಿದು ಒಣಗಿಸಿ, ನಯವಾದ ಕಲ್ಲಿನಿಂದ ಉಜ್ಜಿ, ದುಂಡಗೆ ಕತ್ತರಿಸಬೇಕು. ಬಳಿಕ ಹಿನ್ನೆಲೆಯ ಬಣ್ಣ. ಅದರ ಮೇಲೆ ಎಳೆಯಷ್ಟು ಸಣ್ಣ ಕುಂಚದಿಂದ ಚಿತ್ರ. ಕಡೆಗೆ ಅರಗಿನ ಲೇಪ. ಅಂಗೈಯಲ್ಲಿ ಅಡಗುವ ಎಲೆಯೊಳಗೆ ದೇವತೆ, ವಾಹನ, ಪರಿವಾರ ಎಲ್ಲವೂ ಹಿಡಿಸಬೇಕು. ದೇವರ ಪಟಗಳಿಗೆ ಚಿನ್ನದ ರೇಕನ್ನು ಹಚ್ಚುತ್ತಿದ್ದ ಮೈಸೂರು ಚಿತ್ರಕಾರರ ಕೈಗಳಿಗೆ ಅರಸರ ಆಟಗಳಿಂದ ಹೊಸ ಕೆಲಸ ದೊರೆಯಿತು.

ಚದುರಂಗವೆಂದರೆ ಅರಸರಿಗೆ ವಿಶೇಷ ಪ್ರೀತಿ. ಅದರಲ್ಲಿಯೂ ಕುದುರೆಯ ನಡೆ ಅವರ ಮನಸ್ಸನ್ನು ಸೆರೆಹಿಡಿದಿತ್ತು. ಅರವತ್ತನಾಲ್ಕು ಮನೆಗಳಲ್ಲಿ ಯಾವುದನ್ನೂ ಬಿಡದೆ, ಯಾವುದಕ್ಕೂ ಎರಡನೆಯ ಸಲ ಕಾಲಿಡದೆ ಕುದುರೆಯನ್ನು ಸುತ್ತಿಸಿ ತರಬೇಕು. ಈ ಸಮಸ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟನು ಅಕ್ಷರಗಳನ್ನು ಈ ನಡೆಯಲ್ಲಿ ಜೋಡಿಸಿ ಪದ್ಯ ಹೆಣೆದಿದ್ದನು. ಕೃಷ್ಣರಾಜರು ಇಂತಹ ಸುತ್ತುಗಳನ್ನು ಹಲವು ಬಗೆಯಲ್ಲಿ ರಚಿಸಿ, ರೇಷ್ಮೆಯ ಬಟ್ಟೆಯ ಮೇಲೆಯೂ ಮೂಡಿಸಿದರು. ಕೈಕೆಲಸದ ಬಟ್ಟೆಯ ತುಂಡೊಂದು ಗಣಿತದ ಒಗಟನ್ನು ಹೊತ್ತು ಅತಿಥಿಗಳ ಕೈಸೇರಿದರೆ ಅದಕ್ಕಿಂತ ಒಳ್ಳೆಯ ಉಡುಗೊರೆ ಯಾವುದು?

ಮೈಸೂರಿನ ಮನೆಗಳಿಗೆ ಇಂತಹ ಕೈಕೆಲಸ ಅಪರಿಚಿತವಾಗಿರಲಿಲ್ಲ. ಪಗಡೆಯ ಹಾಸನ್ನು ಹೆಂಗಸರು ನಾಲ್ಕು ಕೈಗಳ ಆಕಾರದಲ್ಲಿ ಕತ್ತರಿಸಿ, ಬಣ್ಣದ ಬಟ್ಟೆಯ ಚೌಕಗಳನ್ನು ಕೂಡಿಸಿ ಹೊಲಿಯುತ್ತಿದ್ದರು. ಚೌಕಾಬಾರಕ್ಕಂತೂ ಒಂದು ಸುಣ್ಣದ ತುಂಡು ಸಾಕು. ಜಗಲಿಯ ಮೇಲೆ ಇಪ್ಪತ್ತೈದು ಮನೆಗಳನ್ನು ಗೀಚಿ, ನಾಲ್ಕು ಕವಡೆಗಳನ್ನು ತಂದು, ಒಡೆದ ಬಳೆಯ ಚೂರು, ಹುಣಿಸೆಬೀಜಗಳನ್ನೇ ಕಾಯಿಗಳನ್ನಾಗಿ ಮಾಡಿಕೊಂಡರೆ ಆಟ ಸಿದ್ಧ. ಅಳಗುಳಿಮಣೆ ತವರಿನ ಬಳುವಳಿಯಾಗಿ ಬರುತ್ತಿತ್ತು. ಶಿವರಾತ್ರಿಯ ಜಾಗರಣೆಗೆ ಪರಮಪದ ಸೋಪಾನಪಟ ಅಟ್ಟದಿಂದ ಇಳಿಯುತ್ತಿತ್ತು. ಅರಸರು ಮಾಡಿದ್ದು ಈ ಮನೆಯಾಟಗಳ ವಿಸ್ತರಣೆಯನ್ನೇ ಎನ್ನಬೇಕು: ಜಗಲಿಯ ಚೌಕವು ಅವರ ಕೈಯಲ್ಲಿ ಗ್ರಹನಕ್ಷತ್ರಗಳ ಮಂಡಲವಾಯಿತು.

ಈ ಬಗೆಯ ಆಟಗಳಿಗೆ ಮೈಮರೆತಿದ್ದ ಅರಸರೆಂದು ಅವರನ್ನು ಹಳಿದವರಿದ್ದಾರೆ. ಆದರೆ ಇದೇ ವರ್ಷಗಳಲ್ಲಿ ಅವರು ಇನ್ನೊಂದು ಹೋರಾಟವನ್ನೂ ನಡೆಸುತ್ತಿದ್ದರು. ಪಟ್ಟಕ್ಕೆ ಬರತಕ್ಕ ಔರಸ ಪುತ್ರರು ಅವರಿಗೆ ಇರಲಿಲ್ಲ. ಉತ್ತರಾಧಿಕಾರಿಯಿಲ್ಲದ ಸಂಸ್ಥಾನಗಳನ್ನು ಬ್ರಿಟಿಷರು ನುಂಗುತ್ತಿದ್ದ ಕಾಲ. ಮೈಸೂರೂ ಅದೇ ದಾರಿ ಹಿಡಿಯಬಹುದೆಂಬ ಭಯ ಅರಮನೆಯನ್ನು ಆವರಿಸಿತ್ತು. ‘ಸಂತಾನಾಂಬುಜ’ ಎಂಬ ಹೆಸರಿನ ಚಿತ್ರವೊಂದು ಆ ಕಾಲದ್ದು. ಅದರಲ್ಲಿ ಕಮಲದ ನಡುವೆ ಅರಸರು ಕುಳಿತಿದ್ದಾರೆ. ಸುತ್ತಲಿನ ದಳಗಳಲ್ಲಿ ಅವರ ಕುಟುಂಬದ ಪರಿವಾರ ತುಂಬಿಕೊಂಡಿದೆ. ಅಷ್ಟೊಂದು ದಳಗಳ ನಡುವೆ ಸಿಂಹಾಸನಕ್ಕೆ ಬೇಕಾದ ಒಂದು ದಳದ ಕೊರತೆಯನ್ನು ಅರಸರು ಎಷ್ಟು ಸಲ ಎಣಿಸಿರಬೇಕು!

1865ರ ಜೂನ್ 18ರಂದು ಕೃಷ್ಣರಾಜರು ಬೆಟ್ಟದಕೋಟೆ ಮನೆತನದ ಚಿಕ್ಕ ಕೃಷ್ಣರಾಜೇ ಅರಸರ ಪುತ್ರ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಮಗುವಿಗೆ ಎರಡು ವರ್ಷ; ತಂದೆಗೆ ಎಪ್ಪತ್ತು. ದತ್ತಕಕ್ಕೆ ಮನ್ನಣೆ ಸುಲಭವಾಗಿ ದೊರೆಯಲಿಲ್ಲ. ಅರಸರ ಬಿನ್ನಹಗಳು ಇಂಗ್ಲೆಂಡಿನವರೆಗೆ ಹೋದುವು. ಕಡೆಗೆ 1867ರಲ್ಲಿ ಬ್ರಿಟಿಷ್ ಸರ್ಕಾರವು ಮಣಿಯಿತು. ಮಾರನೆಯ ವರ್ಷ, 1868ರ ಮಾರ್ಚ್ 27ರಂದು ಕೃಷ್ಣರಾಜರು ಕಣ್ಮುಚ್ಚಿದರು. ರಾಜ್ಯವು 1881ರಲ್ಲಿ ಚಾಮರಾಜೇಂದ್ರರ ಕೈಗೆ ಮರಳಿ ಬಂದಿತು.

1897ರಲ್ಲಿ ರಾಜಕುಮಾರಿಯ ವಿವಾಹದ ಸಂದರ್ಭದಲ್ಲಿ ಬೆಂಕಿ ಹೊತ್ತಿಕೊಂಡು, ಮುಮ್ಮಡಿಯವರು ಬಾಲ್ಯವನ್ನು ಕಳೆದ ಮರದ ಅರಮನೆಯು ಬೂದಿಯಾಯಿತು. ಜಗನ್ಮೋಹನ ಅರಮನೆ ಉಳಿಯಿತು. 1902ರ ಆಗಸ್ಟ್ 8ರಂದು ಚಾಮರಾಜೇಂದ್ರರ ಮಗ ನಾಲ್ವಡಿ ಕೃಷ್ಣರಾಜರು ಪೂರ್ಣಾಧಿಕಾರವನ್ನು ವಹಿಸಿಕೊಂಡುದು ಅಲ್ಲಿಯ ಸಭಾಂಗಣದಲ್ಲಿ. ಕೆಳಗೆ ವೈಸ್‌ರಾಯ್ ಕರ್ಜನನ ಸಮ್ಮುಖದಲ್ಲಿ ದರ್ಬಾರು ನೆರೆದಿದ್ದಾಗ, ಮೇಲಂತಸ್ತಿನ ಗೋಡೆಗಳ ಮೇಲೆ ಅಜ್ಜ ಬರೆಸಿದ ಆಟದ ಮನೆಗಳು ಹಾಗೆಯೇ ಇದ್ದುವು.